ಪಲ್ಪರ್ ಬುಷ್, ಲಾರಿ ಪ್ಲೇಟಿನ ಕತ್ತಿ, ಸಂಪಾಜೆ ಘಾಟಿಯ ಬ್ರೇಕ್: ಓದುಗರ ಪ್ರಶ್ನೆ, ವರ್ಕ್‌ಶಾಪಿನ ಉತ್ತರ

ಈ ತಿಂಗಳು ಪತ್ರ ಜಾಸ್ತಿ, ಅದಕ್ಕೆ ಪೀಠಿಕೆ ಕಮ್ಮಿ. ಮಳೆ ಹಿಂದೆ ಸರೀತಾ ಇದೆ, ಶೆಡ್ಡಿನಲ್ಲಿ ಟಾರ್ಪಾಲ್ ಹೊದ್ದು ಮಲಗಿದ್ದ ಮೆಷಿನುಗಳನ್ನ ಎಲ್ಲರೂ ಎಬ್ಬಿಸ್ತಾ ಇದಾರೆ ಅಂತ ಕಾಣತ್ತೆ, ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು: "ಈಗಿನ ಕಬ್ಬಿಣಾನೇ ಸರಿ ಇಲ್ಲ ಸಾರ್". ಕೆಲವು ಸಲ ಅದು ನಿಜಾನೂ ಹೌದು. ಆದ್ರೆ ಗೋಣಿಕೊಪ್ಪದಲ್ಲಿ ಲೇತ್ ಮುಂದೆ ನಿಂತು ಇಷ್ಟು ವರ್ಷ ಸವೆದ ಸಾಮಾನು ನೋಡಿದ ಮೇಲೆ ನನಗೆ ಒಂದು ಚಾಳಿ ಬಂದುಬಿಟ್ಟಿದೆ, ಯಾರಾದ್ರೂ ಸವೆದ ಒಂದು ಪೀಸ್ ತಂದು ಟೇಬಲ್ ಮೇಲಿಟ್ಟು "ಇದು ಯಾಕೆ ಹೀಗಾಯ್ತು" ಅಂದ್ರೆ, ಇದು ಯಾವುದಕ್ಕೆ ಉಜ್ಜತಿತ್ತೋ ಅದನ್ನೂ ತನ್ನಿ, ನಡುವೆ ಏನಿತ್ತು ಅಂತಾನೂ ಹೇಳಿ ಅಂತ ವಾಪಸ್ ಕಳಿಸ್ತೀನಿ. ಗಂಡ ಹೆಂಡ್ತಿ ಜಗಳದಲ್ಲಿ ಒಬ್ಬರ ಮಾತು ಮಾತ್ರ ಕೇಳಿ ಪಂಚಾಯ್ತಿ ಮಾಡಕ್ಕಾಗತ್ತಾ?

ಪ್ರಶ್ನೆ: ಸಾರ್, ನಮ್ಮ ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಪಲ್ಪರಿನ ಡ್ರಮ್ ಶಾಫ್ಟಿಗೆ ಗನ್‌ಮೆಟಲ್ ಬುಷ್ (ಶಾಫ್ಟ್ ಕೂತು ತಿರುಗೋ ಬಳೆ) ಇತ್ತು. ಎರಡು ಸೀಸನ್ನಿಗೊಮ್ಮೆ ಸವೆದು ಶಾಫ್ಟ್ ಅಲ್ಲಾಡ್ತಿತ್ತು. ಹೋದ ವರ್ಷ ನಾನೇ ತಲೆ ಓಡಿಸಿ ಶಾಫ್ಟಿನ ಉಕ್ಕಲ್ಲೇ ಬುಷ್ ಮಾಡಿಸಿ ಹಾಕಿಸ್ದೆ, ಎರಡೂ ಗಟ್ಟಿ ಇದ್ರೆ ಯಾವುದೂ ಸವೆಯಲ್ಲ ಅಂತ. ಹನ್ನೊಂದನೇ ದಿನ ಕಿರ್ರ್ ಅಂತ ಕಚ್ಚಿಕೊಂಡು ನಿಂತೇಹೋಯ್ತು, ಬೆಲ್ಟ್ ಸುಟ್ಟ ವಾಸನೆ ಬೇರೆ. ಬುಷ್ ಹೋಗ್ಲಿ, ಶಾಫ್ಟೂ ಹಾಳಾಯ್ತು. ನಾನು ಎಲ್ಲಿ ಎಡವಿದ್ದು? (ಪಾಲಿಬೆಟ್ಟದ ಬೆಳೆಗಾರರು)

ಉತ್ತರ: ಎಡವಿದ್ದು "ಎರಡೂ ಗಟ್ಟಿ ಇದ್ರೆ" ಅನ್ನೋ ಕಡೆ. ನೀವೊಬ್ಬರೇ ಅಲ್ಲ, ನನ್ನ ಹತ್ರ ವರ್ಷಕ್ಕೆ ಇಬ್ಬರು ಮೂವರಾದ್ರೂ ಇದೇ ಐಡಿಯಾ ಹಿಡ್ಕೊಂಡು ಬರ್ತಾರೆ, ಬೇಡ ಅಂದ್ರೆ ಮುಖ ಸಣ್ಣ ಮಾಡ್ಕೊಂಡು ಪಕ್ಕದ ಅಂಗಡಿಗೆ ಹೋಗ್ತಾರೆ.

ಲೇತಿನಿಂದ ಇಳಿಸಿದ ಶಾಫ್ಟ್ ಕನ್ನಡಿ ಹಾಗೆ ಹೊಳೀತಾ ಇರತ್ತೆ, ಆದ್ರೆ ಸೂಕ್ಷ್ಮದರ್ಶಕದಲ್ಲಿ ನೋಡಿದ್ರೆ ಅದು ನಮ್ಮ ಕೊಡಗಿನ ಹಾಗೇನೇ, ಬರೀ ಬೆಟ್ಟ ಕಣಿವೆ. ಎರಡು ಲೋಹ ಒಂದಕ್ಕೊಂದು ಕೂತಾಗ ಬೆಟ್ಟದ ತುದಿಗಳು ಮಾತ್ರ ಮುಟ್ಟತ್ತೆ. ಇದನ್ನ ಕಳೆದ ಶತಮಾನದಲ್ಲಿ ಬೌಡನ್, ಟೇಬರ್ ಅಂತ ಕೇಂಬ್ರಿಡ್ಜಿನ ಇಬ್ಬರು ಚೆನ್ನಾಗಿ ತೋರಿಸಿಕೊಟ್ರು, ಬೌಡನ್ ಇದಕ್ಕೆ ಸ್ವಿಟ್ಜರ್ಲೆಂಡನ್ನ ಬೋರಲು ಹಾಕೋ ಉದಾಹರಣೆ ಕೊಡ್ತಿದ್ದ, ನಮಗೆ ಅಷ್ಟು ದೂರ ಯಾಕೆ, ತಡಿಯಂಡಮೋಳನ್ನ ಎತ್ತಿ ಬೋರಲು ಮಾಡಿ ಪುಷ್ಪಗಿರಿ ಮೇಲೆ ಇಟ್ಕೊಳ್ಳಿ, ಎಷ್ಟು ಕಡೆ ಮುಟ್ಟೀತು? ಲೆಕ್ಕ ಹಾಕಿದ್ರೆ ತಲೆ ತಿರುಗತ್ತೆ. ಸಾಧಾರಣ ಮೆತು ಉಕ್ಕಿನ ಮೇಲೆ 100 ಕೆಜಿ ಭಾರ ಹೇರಿದ್ರೂ ನಿಜವಾಗಿ ಲೋಹಕ್ಕೆ ಲೋಹ ತಾಗೋ ಜಾಗ ಎಲ್ಲಾ ಸೇರಿ ಒಂದು ಚದರ ಮಿಲಿಮೀಟರೂ ಆಗಲ್ಲ, ಬುಷ್ ಉದ್ದ ಎರಡಿಂಚಿದ್ರೂ ಅಷ್ಟೇ ನಾಲ್ಕಿಂಚಿದ್ರೂ ಅಷ್ಟೇ. ಉಜ್ಜೋ ಜಾಗ ದೊಡ್ಡದಾದ ಮಾತ್ರಕ್ಕೆ ಘರ್ಷಣೆ ಹೆಚ್ಚಲ್ಲ, ಭಾರ ಹೆಚ್ಚಿದ್ರೆ ಹೆಚ್ಚತ್ತೆ ಅಂತ 1699ರಲ್ಲೇ ಫ್ರಾನ್ಸಿನ ಅಮೊಂಟನ್ ಹೇಳಿದ್ದ, ಯಾಕೆ ಅಂತ ಅರ್ಥ ಆಗೋಕೆ ಇನ್ನೂರೈವತ್ತು ವರ್ಷ ಹತ್ರ ಹತ್ರ ಬೇಕಾಯ್ತು.

ಈಗ ಆ ಒಂದು ಚದರ ಮಿಲಿಮೀಟರಿನ ಮೇಲೆ ಇಡೀ ಡ್ರಮ್ಮಿನ ಭಾರ, ಬೆಲ್ಟಿನ ಎಳೆತ, ಎಲ್ಲಾ ಬೀಳತ್ತೆ. ತುದಿಗಳು ಜಜ್ಜಿ ಹೋಗಿ, ಗ್ರೀಸ್ ಪದರ ಹರಿದ ಕಡೆ ಲೋಹಕ್ಕೆ ಲೋಹ ಅಂಟಿಕೊಳ್ಳತ್ತೆ, ಅಂಟಿಕೊಳ್ಳತ್ತೆ ಅಂದ್ರೆ ಸುಮ್ನೆ ಮಾತಿಗಲ್ಲ, ಬೆಸುಗೆ ಹಾಕಿದ ಹಾಗೇ. ಒಂದೇ ಜಾತಿ ಉಕ್ಕಾದ್ರೆ ಈ ಬೆಸುಗೆ ಬಲೇ ಗಟ್ಟಿ, ಶಾಫ್ಟ್ ತಿರುಗಿದಾಗ ಬೆಸುಗೆ ಬಿಡೋ ಬದಲು ಪಕ್ಕದ ಲೋಹವೇ ಕಿತ್ತು ಬರತ್ತೆ, ಕಿತ್ತ ಚೂರು ಉಜ್ಜಾಟದಲ್ಲಿ ಇನ್ನೂ ಗಟ್ಟಿಯಾಗಿ ಇನ್ನೊಂದು ಕಡೆ ಗೀರತ್ತೆ, ಆ ಬಿಸಿಗೆ ಗ್ರೀಸ್ ನೀರಾಗಿ ಹರಿದು ಹೋಗತ್ತೆ, ಆಮೇಲೆ ನಿಲ್ಲಿಸೋರು ಯಾರೂ ಇಲ್ಲ. ಹನ್ನೊಂದು ದಿನ ಓಡಿದ್ದೇ ನಿಮ್ಮ ಪುಣ್ಯ.

ಗನ್‌ಮೆಟಲ್ ಅಂದ್ರೆ ಹೆಚ್ಚುಕಡಿಮೆ 88 ಪಾಲು ತಾಮ್ರ, 10 ತವರ, 2 ಸತು. ಉಕ್ಕಿನ ಜೊತೆ ಅದು ಅಷ್ಟು ಸಲೀಸಾಗಿ ಬೆಸೆಯಲ್ಲ, ಬೆಸೆದ್ರೂ ಹರಿಯೋದು ಅದರ ಕಡೆಯೇ. ಹಣ್ಣು ತೊಳೆಯೋ ನೀರಲ್ಲಿ ಬರೋ ಮಣ್ಣು, ಬೆಣಚುಕಲ್ಲಿನ ಸಣ್ಣ ಕಣ ಒಳಗೆ ಹೋದ್ರೆ ಮೆತ್ತಗಿನ ಬುಷ್ ಅದನ್ನ ಸ್ವಲ್ಪ ಮಟ್ಟಿಗೆ ತನ್ನೊಳಗೆ ಹೂತುಕೊಳ್ಳತ್ತೆ. ಅಮೆರಿಕದ ಐಸಾಕ್ ಬ್ಯಾಬಿಟ್ ಅನ್ನೋನು 1839ರಲ್ಲಿ ತವರದ್ದೇ ಮೆತ್ತಗಿನ ಲೋಹ ಮಾಡಿ ಬೇರಿಂಗಿಗೆ ಬಳಸಿದ್ದು, ಅದರ ಸೊಗಸು ಇದೇ. ಅಂದ್ರೆ ಬುಷ್ ಸವೆದಿದ್ದು ಅದರ ದೋಷ ಅಲ್ಲ, ಅದರ ಕೆಲಸಾನೇ ಅದು. ಬುಷ್ ಬದಲಾಯಿಸೋಕೆ ಅರ್ಧ ದಿನ, ಶಾಫ್ಟ್ ಮಾಡ್ಸೋಕೆ ಎಷ್ಟಾಯ್ತು ಅಂತ ನಿಮಗೇ ಗೊತ್ತು.

ಆದ್ರೆ ಎರಡೇ ಸೀಸನ್ನಿಗೆ ಹೋಗೋದು ಸ್ವಲ್ಪ ಬೇಗಾನೇ ಆಯ್ತು. ನಿಮ್ಮ ಹಳೇ ಬುಷ್ ತೆಗೆದು ಗ್ರೀಸ್ ತೂತು ಯಾವ ಕಡೆ ಇದೆ ನೋಡಿ. ಬೆಲ್ಟ್ ಯಾವ ಕಡೆಗೆ ಎಳೀತದೋ ಆ ಕಡೆ ಇದ್ರೆ ಗ್ರೀಸ್ ಒಳಗೆ ಹೋಗೋದೇ ಕಷ್ಟ. 1883ರಲ್ಲಿ ಇಂಗ್ಲೆಂಡಿನ ಬೋಶಂಪ್ ಟವರ್ ಅನ್ನೋರು ರೈಲಿನ ಆಕ್ಸಲ್ ಬೇರಿಂಗ್ ಪರೀಕ್ಷೆ ಮಾಡ್ತಾ ಭಾರ ಬೀಳೋ ಕಡೆಗೇ ತೂತು ಕೊರೆದ್ರು, ಎಣ್ಣೆ ಒಳಗೆ ಹೋಗೋ ಬದಲು ಮೇಲಕ್ಕೆ ಉಕ್ಕಿ ಬಂತು, ಮರದ ಬೆಣೆ ಹೊಡೆದು ಮುಚ್ಚಿದ್ರೆ ಬೆಣೆಯನ್ನೇ ತಳ್ಳಿ ಹಾಕ್ತು. ತಿರುಗೋ ಶಾಫ್ಟ್ ಎಣ್ಣೆಯನ್ನ ತಾನೇ ಎಳ್ಕೊಂಡು ಒತ್ತಡ ಕಟ್ಟಿ ಅದರ ಮೇಲೆ ತೇಲತ್ತೆ ಅನ್ನೋ ದೊಡ್ಡ ವಿಷಯ ಗೊತ್ತಾಗಿದ್ದು ಆ ಬೆಣೆಯಿಂದ. ಹಾಗಾಗಿ ತೂತು ಭಾರ ಇಲ್ಲದ ಕಡೆ ಇರ್ಲಿ, ಶಾಫ್ಟಿಗೂ ಬುಷ್‌ಗೂ ಸಂದು ವ್ಯಾಸದ ಸಾವಿರದಲ್ಲೊಂದು ಪಾಲು ಸಾಕು, 40 ಮಿಲಿಮೀಟರ್ ಶಾಫ್ಟಿಗೆ 0.04, ತಲೆಕೂದಲಿಗಿಂತ ಕಮ್ಮಿ. ಆಮೇಲೆ ಸಾಯಂಕಾಲ ಪಲ್ಪರ್ ತೊಳೆದ ಮೇಲೆ ಗ್ರೀಸ್ ಹೊಡೀರಿ, ಬೆಳಗ್ಗೆ ಅಲ್ಲ. ತೊಳೆದ ನೀರು ರಾತ್ರಿ ಇಡೀ ಒಳಗೆ ಕೂತಿರಬಾರದು.

ಪ್ರಶ್ನೆ: ಅಣ್ಣ, ಕೈಲ್ ಪೊಳ್ದಿಗೆ (ಕೊಡಗಿನ ಆಯುಧ ಪೂಜೆ ಹಬ್ಬ) ಮುಂಚೆ ಲಾರಿ ಪ್ಲೇಟಿನಲ್ಲಿ ಎರಡು ಕತ್ತಿ ಹೊಡೆಸಿದ್ದೆ, ಒಂದೇ ಪ್ಲೇಟು, ಒಂದೇ ಕುಲುಮೆ. ಒಂದು ಸಿಲ್ವರ್ ಓಕ್ ಕೊಂಬೆಗೆ ಹೊಡೆದ್ರೆ ಬಾಯಿ ಚಕ್ಕೆ ಎದ್ದು ಬರತ್ತೆ, ಇನ್ನೊಂದು ಬಾಯಿ ಮಡಚಿಕೊಳ್ಳತ್ತೆ. ಪ್ಲೇಟಿನಲ್ಲೇ ಮಿಶ್ರ ಇತ್ತಾ? (ಸೋಮವಾರಪೇಟೆ ಕಡೆಯಿಂದ)

ಉತ್ತರ: ಪ್ಲೇಟ್ ಒಂದೇ, ಹದ ಬೇರೆ. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ನೂರಕ್ಕೆ ಅರ್ಧದಿಂದ 0.6 ರಷ್ಟು ಇಂಗಾಲ ಇರತ್ತೆ, ಕತ್ತಿಗೆ ಒಳ್ಳೇ ಮಾಲು. ಅದನ್ನ ಕೆಂಪಗೆ ಕಾಯಿಸಿದಾಗ, ಸುಮಾರು 730 ಡಿಗ್ರಿ ದಾಟಿದ ಮೇಲೆ, ಒಳಗಿನ ಕಣಗಳ ಜೋಡಣೆ ಬದಲಾಗಿ ಇಂಗಾಲ ಎಲ್ಲಾ ಕಬ್ಬಿಣದಲ್ಲಿ ಕರಗತ್ತೆ, ಆಗ ಗಬಕ್ಕನೆ ಅದ್ದಿದ್ರೆ ಇಂಗಾಲಕ್ಕೆ ಹೊರಗೆ ಬರೋಕೆ ಟೈಮೇ ಸಿಗಲ್ಲ, ಸಿಕ್ಕಿಹಾಕ್ಕೊಂಡ ಕಡೆ ಬಿಗಿದು ಕೂರತ್ತೆ, ಅದೇ ಗಡಸುತನ. ಜರ್ಮನಿಯ ಆಡಾಲ್ಫ್ ಮಾರ್ಟೆನ್ಸ್ ಹೆಸರಲ್ಲಿ ಅದಕ್ಕೆ ಮಾರ್ಟೆನ್ಸೈಟ್ ಅಂತಾರೆ. ಗಡಸು ಹೌದು, ಆದ್ರೆ ಗಾಜಿನ ಸ್ವಭಾವ. ಅದಕ್ಕೇ ಅದ್ದಿದ ಮೇಲೆ ಮತ್ತೆ ಸ್ವಲ್ಪ ಬೆಚ್ಚಗೆ ಮಾಡಿ ಬಿಗಿ ಸಡಿಲಿಸ್ಬೇಕು. ನಿಮ್ಮ ಚಕ್ಕೆ ಏಳೋ ಕತ್ತಿಗೆ ಆ ಎರಡನೇ ಕಾಯಿಸುವಿಕೆ ಆಗಿಲ್ಲ ಅಥವಾ ಸಾಲಲಿಲ್ಲ. ಮಡಚೋ ಕತ್ತಿ ಒಂದೋ ಅದ್ದೋವಾಗ್ಲೇ ಬಿಸಿ ಇಳಿದುಹೋಗಿತ್ತು, ಇಲ್ಲಾ ಆಮೇಲೆ ಜಾಸ್ತಿ ಕಾದುಬಿಡ್ತು.

ಬಣ್ಣ ನೋಡಿ ಹೇಳೋ ಹಳೇ ಕೈಗಳು ಈಗ ಕಮ್ಮಿ ಆಗಿವೆ, ಹಾಗಾಗಿ ಒಂದು ಸುಲಭ ಉಪಾಯ ಹೇಳ್ತೀನಿ. ಹಳೇ ಸ್ಪೀಕರಿನ ಅಯಸ್ಕಾಂತ ಒಂದನ್ನ ಕಂಬಿಗೆ ಕಟ್ಟಿ ಇಟ್ಕೊಳ್ಳಿ, ಕಾದ ಕತ್ತಿಗೆ ಆಗಾಗ ಮುಟ್ಟಿಸಿ, ಕಬ್ಬಿಣ 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟೋದನ್ನ ಬಿಟ್ಟುಬಿಡತ್ತೆ. ಅಂಟೋದು ನಿಂತ ಮೇಲೆ ಇನ್ನೊಂಚೂರು ಕಾಯಿಸಿ ಬೆಚ್ಚಗಿನ ಎಣ್ಣೆಗೆ ಅದ್ದಿ, ಬಾಯಿ ಭಾಗ ಮಾತ್ರ, ಬೆನ್ನು ಮೆತ್ತಗೇ ಇರ್ಲಿ, ಏಟು ತಡ್ಕೊಳ್ಳೋದು ಬೆನ್ನು. ಆಮೇಲೆ ಬಾಯಿ ಒಂದು ಕಡೆ ಉಜ್ಜಿ ಬೆಳ್ಳಗೆ ಮಾಡಿ ಬೆನ್ನಿನ ಕಡೆಯಿಂದ ನಿಧಾನಕ್ಕೆ ಬಿಸಿ ಕೊಡಿ. ಮೊದಲು ಒಣಹುಲ್ಲಿನ ಬಣ್ಣ ಓಡಿ ಬರತ್ತೆ, ಅದು 220-230 ಡಿಗ್ರಿ, ಆಮೇಲೆ ಕಂದು, ನೇರಳೆ, 300ರ ಹತ್ರ ನೀಲಿ. ಮರ ಕಡಿಯೋ ಕತ್ತಿಗೆ ಕಂದು ನೇರಳೆಗೆ ತಿರುಗೋ ಹೊತ್ತಿಗೆ ನಿಲ್ಲಿಸಿದ್ರೆ ಸರಿ. ನೀಲಿ ಬಂದ್ರೆ ಬಾಯಿ ಮೆತ್ತಗಾಯ್ತು ಅಂತಾನೇ ಲೆಕ್ಕ.

ನೀಲಿ ಬಣ್ಣದ ವಿಷಯ ನನಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. ಡಿಪ್ಲೊಮಾ ಮುಗಿಸಿ ಬಂದ ಹೊಸದರಲ್ಲಿ ನಮ್ಮ ತಾತನ ಕತ್ತಿಯನ್ನ ಕೈಲ್ ಪೊಳ್ದಿನ ಹಿಂದಿನ ದಿನ ಹೊಳೆಯೋ ಹಾಗೆ ಮಾಡ್ಬೇಕು ಅಂತ ಬೆಂಚ್ ಗ್ರೈಂಡರಿಗೆ ಕೊಟ್ಟೆ, ನೀರು ಗೀರು ಏನಿಲ್ಲ, ಕಿಡಿ ಹಾರ್ತಾ ಇತ್ತು, ನನಗೆ ಖುಷಿಯೋ ಖುಷಿ. ನಿಲ್ಲಿಸಿ ನೋಡ್ತೀನಿ, ಬಾಯಿ ಉದ್ದಕ್ಕೂ ನವಿಲಿನ ಕತ್ತಿನ ಬಣ್ಣ. ಚೆನ್ನಾಗಿದೆಯಲ್ಲ ಅಂತ ತಾತನಿಗೇ ತೋರಿಸ್ದೆ ಬೇರೆ. ಅವರು ಏನೂ ಮಾತಾಡ್ಲಿಲ್ಲ, ಹೆಬ್ಬೆರಳಲ್ಲಿ ಬಾಯಿ ಸವರಿ, ಅಂಗಳದಲ್ಲಿದ್ದ ಒಣ ಕಾಫಿ ಬುಡಕ್ಕೆ ಒಂದೇಟು ಹಾಕಿದ್ರು, ಬಾಯಿ ತಗಡಿನ ಹಾಗೆ ಹೊರಳಿಕೊಂಡ್ತು. ಪೂಜೆಗೆ ಆ ವರ್ಷ ಪಕ್ಕದ ಮನೆ ಕತ್ತಿ. ಸಾಣೆ ಹಿಡಿಯೋವಾಗ ಬಕೆಟಿನಲ್ಲಿ ನೀರಿಟ್ಕೊಂಡು ಎರಡು ಎಳೆತಕ್ಕೊಮ್ಮೆ ಅದ್ದಬೇಕು, ಬರಿಗೈಲಿ ಹಿಡಿಯೋಕೆ ಆಗದಷ್ಟು ಬಿಸಿ ಆಗೋಕೆ ಬಿಡಬಾರದು.

ಇಂಗ್ಲಿಷಿನವರು ಬಲು ಆಸೆಪಟ್ಟು ನೋಡಿದ ನಮ್ಮ ಕಡೆಯ ಉಕ್ಕಿಗೆ ಅವರು ವೂಟ್ಜ್ ಅಂತ ಹೆಸರಿಟ್ಟಿದ್ದು ನಮ್ಮ "ಉಕ್ಕು" ಪದವನ್ನೇ ಕೆಡಿಸಿ ಅಂತಾರೆ, ಕರೆಂಟಿನ ಪ್ರಯೋಗಕ್ಕೆ ಇಳಿಯೋಕೆ ಮುಂಚೆ ಫ್ಯಾರಡೆ ಕೂಡ 1819ರ ಹೊತ್ತಿಗೆ ಅದರ ಹಿಂದೆ ಬಿದ್ದಿದ್ದ. ಅಷ್ಟು ಹೆಸರು ಮಾಡಿದ ಮಾಲಿಗೂ ಹದ ತಪ್ಪಿದ್ರೆ ಇದೇ ಗತಿ.

ಪ್ರಶ್ನೆ: ಮಳೆಗೆ ತುಕ್ಕು ಹಿಡಿಯಲ್ಲ ಅಂತ ಸ್ಪ್ರಿಂಕ್ಲರ್ ಪೈಪಿನ ಕ್ಲಾಂಪಿಗೆಲ್ಲ ಎಸ್ಎಸ್ (ಸ್ಟೇನ್‌ಲೆಸ್ ಸ್ಟೀಲ್) ಬೋಲ್ಟ್, ಎಸ್ಎಸ್ ನಟ್ಟೇ ಹಾಕ್ಸಿದೆ. ತುಕ್ಕಿಲ್ಲ ಏನಿಲ್ಲ, ಹೊಸದು, ಆದ್ರೂ ಬಿಚ್ಚೋಕೆ ಹೋದ್ರೆ ಅರ್ಧದಲ್ಲಿ ಜಾಮ್ ಆಗಿ ಬೋಲ್ಟೇ ಮುರೀತದೆ. (ಸಿದ್ದಾಪುರ)

ಉತ್ತರ: ಪಾಲಿಬೆಟ್ಟದವರ ಪಲ್ಪರಿನ ಕಥೆಯೇ ಇದು, ಸಣ್ಣ ಸೈಜಲ್ಲಿ. ಎಸ್ಎಸ್ ತುಕ್ಕು ಹಿಡಿಯದೆ ಇರೋದು ಅದರ ಮೇಲಿರೋ ಕ್ರೋಮಿಯಂ ಆಕ್ಸೈಡಿನ ತೆಳ್ಳಗಿನ ಪೊರೆಯಿಂದ. ಸ್ಪ್ಯಾನರಿನಲ್ಲಿ ರಪರಪ ತಿರುಗಿಸಿದಾಗ ಥ್ರೆಡ್ ಮೇಲೆ ಆ ಪೊರೆ ಹರೀತದೆ, ಅಡಿಯ ಹಸಿ ಲೋಹ ಎರಡೂ ಕಡೆ ಒಂದೇ ಜಾತಿ, ಅಂಟ್ಕೊಂಡು ಬಿಡತ್ತೆ. ಥ್ರೆಡ್ಡಿಗೆ ಗ್ರೀಸೋ ಆ್ಯಂಟಿ ಸೀಜ್ ಪೇಸ್ಟೋ ಸವರಿ, ಕೈಯಲ್ಲಿ ನಿಧಾನ ತಿರುಗಿಸಿ, ಇಂಪ್ಯಾಕ್ಟ್ ಗನ್ ಹತ್ರಾನೂ ತರಬೇಡಿ. ಆಗೋದಾದ್ರೆ ನಟ್ ಹಿತ್ತಾಳೆದು ಹಾಕಿ.

ಪ್ರಶ್ನೆ: ಮಡಿಕೇರಿಯಿಂದ ಸುಳ್ಯಕ್ಕೆ ಹಳೇ ಜೀಪಲ್ಲಿ ಇಳಿಯೋವಾಗ ಬ್ರೇಕ್ ಪೆಡಲ್ ಕೆಳಗೆ ಹೋಗ್ತಾ ಹೋಗ್ತಾ ಕೊನೆಗೆ ಹಿಡಿಯೋದೇ ಇಲ್ಲ, ಬ್ರೇಕ್ ಡ್ರಮ್ಮಿಗೆ ಉಜ್ಜೋ ಲೈನರ್ ಹೊಸದೇ. ಒಂದರ್ಧ ಗಂಟೆ ನಿಲ್ಲಿಸಿದ್ರೆ ಏನೂ ಆಗದ ಹಾಗೆ ಸರಿ ಹೋಗತ್ತೆ. ಇನ್ನೊಂದು, ಜುಲೈಯಲ್ಲಿ ಐದು ದಿನ ನಿಲ್ಲಿಸಿದ್ದಕ್ಕೆ ಹಿಂದಿನ ಚಕ್ರ ಎರಡೂ ತಿರುಗಲೇ ಇಲ್ಲ. (ಮದೆನಾಡಿನಿಂದ)

ಉತ್ತರ: ಮೊದಲನೇದು ಡೇಂಜರ್, ಅದನ್ನ ಮೊದಲು ನೋಡೋಣ. ಜನ ತುಂಬಿದ ಜೀಪು 1500 ಕೆಜಿ, ಘಾಟಿಯಲ್ಲಿ ಇಳಿಯೋ ಎತ್ತರ 1000 ಮೀಟರ್ ಅಂತ ಲೆಕ್ಕಕ್ಕೆ ಇಟ್ಕೊಳ್ಳಿ, ಅಷ್ಟು ಎತ್ತರದಿಂದ ಬಂದ ಶಕ್ತಿ ಎಲ್ಲಾದ್ರೂ ಹೋಗಬೇಕಲ್ಲ, ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಅದು 4 ಯೂನಿಟ್. 45 ಲೀಟರ್ ತಣ್ಣೀರು ಕುದಿಯೋಷ್ಟು ಬಿಸಿ. ನೀವು ನ್ಯೂಟ್ರಲ್ಲಿನಲ್ಲೋ ಟಾಪ್ ಗೇರಿನಲ್ಲೋ ಇಳಿದ್ರೆ ಅದರಲ್ಲಿ ಮುಕ್ಕಾಲು ಪಾಲು ಆ ನಾಲ್ಕು ಡ್ರಮ್ಮಿನ ತಲೆ ಮೇಲೇ ಬೀಳತ್ತೆ. ಡ್ರಮ್ ಕಾದು ಹಿಗ್ಗತ್ತೆ, ಲೈನರಿನಿಂದ ದೂರ ಸರಿಯತ್ತೆ, ಅದಕ್ಕೇ ಪೆಡಲ್ ಕೆಳಗೆ ಹೋಗೋದು. ಲೈನರಿನೊಳಗಿನ ಅಂಟು ಬೇರೆ ಬೆಂದು ಗ್ಯಾಸ್ ಬಿಡತ್ತೆ, ಹಿಡಿತ ಇನ್ನೂ ಕಮ್ಮಿ. ತಣ್ಣಗಾದ್ರೆ ಎಲ್ಲಾ ವಾಪಸ್, ಮೆಕ್ಯಾನಿಕ್ ಹತ್ರ ಹೋಗೋ ಹೊತ್ತಿಗೆ ಗಾಡಿ ಪರಮ ಸಾಧು. ಹತ್ತಿದ ಗೇರಲ್ಲೇ ಇಳೀರಿ ಅಂತ ಹಳೇ ಡ್ರೈವರುಗಳು ಹೇಳ್ತಿದ್ದದ್ದು ಇದಕ್ಕೇ, ಎಂಜಿನ್ ಹಿಡ್ಕೊಂಡ್ರೆ ಆ ಬಿಸಿ ರೇಡಿಯೇಟರಿಗೂ ಸೈಲೆನ್ಸರಿಗೂ ಹೋಗತ್ತೆ. ಬ್ರೇಕನ್ನ ಸವರ್ತಾ ಇರೋದು ಬೇಡ, ಬೇಕಾದಾಗ ಗಟ್ಟಿಯಾಗಿ ಒತ್ತಿ ಬಿಡಿ.

ಕೆಲವರು ಝರಿ ಹತ್ರ ನಿಲ್ಲಿಸಿ ಕಾದ ಡ್ರಮ್ಮಿಗೆ ಬಕೆಟ್ ನೀರು ಹೊಯ್ತಾರೆ, ನೋಡಿದ್ರೆ ನನಗೆ ಹೊಟ್ಟೆ ಉರಿಯತ್ತೆ. ಡ್ರಮ್ ಬೀಡು ಕಬ್ಬಿಣ. ಅದರೊಳಗೆ ಗ್ರಾಫೈಟ್, ಅಂದ್ರೆ ಪೆನ್ಸಿಲ್ ಕಡ್ಡಿಯ ಮಾಲು, ಸಣ್ಣ ಸಣ್ಣ ಎಸಳಾಗಿ ಹರಡಿಕೊಂಡಿರತ್ತೆ, ಬಿಸಿಯನ್ನ ಬೇಗ ಒಯ್ಯತ್ತೆ, ಲೈನರಿನ ಜೊತೆ ಚೆನ್ನಾಗಿ ಹೊಂದತ್ತೆ, ಬ್ರೇಕಿಗೆ ಇಷ್ಟು ಅಗ್ಗದಲ್ಲಿ ಇಷ್ಟು ಒಳ್ಳೇ ಲೋಹ ಇನ್ನೊಂದಿಲ್ಲ. ಆದ್ರೆ ಎಳೆದ್ರೆ ಆ ಎಸಳುಗಳ ಅಂಚಿಂದಲೇ ಸೀಳತ್ತೆ, ನೀರು ಹೊಯ್ದ್ರೆ ಬಿರುಕು ಗ್ಯಾರಂಟಿ. ಡ್ರಮ್ ಒಳಗೆ ನೀಲಿ ಮಚ್ಚೆ ಕಂಡ್ರೆ ಅಲ್ಲಲ್ಲಿ ಕಾದು ಗಡಸಾಗಿದೆ ಅಂತ, ಲೇತಲ್ಲಿ ಹಾಕಿದ್ರೆ ಟೂಲ್ ಅಲ್ಲಿಗೆ ಬಂದಾಗ ಟಕ್ ಟಕ್ ಅಂತ ಜಿಗಿಯತ್ತೆ. ಅಂಥದ್ದನ್ನ ಪುನಃ ಪುನಃ ಟರ್ನ್ ಮಾಡಿಸ್ಬೇಡಿ, ಎಷ್ಟು ದೊಡ್ಡದಾಗಬಹುದು ಅಂತ ಡ್ರಮ್ಮಿನ ಮೇಲೇ ಅಚ್ಚು ಹಾಕಿರತ್ತೆ, ಅದು ದಾಟಿದ್ರೆ ಗುಜರಿಗೆ.

ಎರಡನೇದು ಸುಲಭ. ಹ್ಯಾಂಡ್ ಬ್ರೇಕ್ ಎಳೆದು ಬಿಟ್ಟಿದ್ರಿ, ಮಳೆ ತೇವಕ್ಕೆ ಡ್ರಮ್ ತುಕ್ಕು ಹಿಡೀತು, ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡತ್ತೆ, ಲೈನರಿಗೂ ಡ್ರಮ್ಮಿಗೂ ನಡುವೆ ಒತ್ತಿಕೊಂಡು ಅಂಟಾಯ್ತು. ಮುಂಗಾರಲ್ಲಿ ಗೇರಲ್ಲಿ ಹಾಕಿ ಚಕ್ರಕ್ಕೆ ಕಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಬಿಟ್ಟಿರಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಎರಡನೇ ವರ್ಷ. ಅತಿ ಕಮ್ಮಿ ಘರ್ಷಣಾಂಕ ಇರೋ ಲೋಹ ಯಾವುದು? ನೆಟ್ಟಲ್ಲಿ ಒಂದೊಂದು ಕಡೆ ಒಂದೊಂದು ಸಂಖ್ಯೆ ಇದೆ ಸರ್. (ಪೊನ್ನಂಪೇಟೆ)

ಉತ್ತರ: ಪ್ರಶ್ನೇನೇ ಸರಿ ಇಲ್ಲ ತಮ್ಮಾ, ಬೇಜಾರು ಮಾಡ್ಕೋಬೇಡ. ಸಾಂದ್ರತೆ ಒಂದು ಲೋಹಕ್ಕೆ ಇರತ್ತೆ, ಕರಗೋ ಬಿಸಿ ಇರತ್ತೆ, ಘರ್ಷಣಾಂಕ (ಜಾರಿಸೋಕೆ ಬೇಕಾದ ಬಲ ಒತ್ತೋ ಭಾರದ ಎಷ್ಟು ಪಾಲು ಅನ್ನೋ ಅಂಕಿ) ಒಂದು ಲೋಹಕ್ಕೆ ಇರಲ್ಲ, ಜೋಡಿಗೆ ಇರತ್ತೆ. ಅದೂ ಆ ಜೋಡಿ ನಡುವೆ ಗಾಳಿಯೋ ತೇವವೋ ಎಣ್ಣೆಯೋ ಅಂತ ಹೇಳಿದ ಮೇಲೆ. ಒಣ ಉಕ್ಕಿನ ಮೇಲೆ ಒಣ ಉಕ್ಕು 0.6ರ ಆಸುಪಾಸು, ಎಣ್ಣೆ ಸವರಿದ್ರೆ ಅದೇ ಜೋಡಿ 0.1ಕ್ಕೆ ಇಳೀತದೆ. ಹಾಗಾಗಿ ನೀನು ನೋಡಿದ ಸಂಖ್ಯೆಗಳೆಲ್ಲಾ ಸರಿ ಇರಬಹುದು. ಸವೆತ ಅಂತೂ ಇನ್ನೂ ಮೋಜು, ಆರ್ಚರ್ಡ್ ಅನ್ನೋರು 1953ರಲ್ಲಿ ಕೊಟ್ಟ ಸೂತ್ರದಲ್ಲಿ ಭಾರ, ಉಜ್ಜಿದ ದೂರ, ಗಡಸುತನ ಮೂರೂ ಇದೆ, ಆದ್ರೆ ಎದುರಿಗಿರೋ ಅಂಕಿ ಒಂದಿದೆಯಲ್ಲ, ಅದು ಜೋಡಿ ಬದಲಾದ್ರೆ ಸಾವಿರಪಟ್ಟು ಅತ್ತಿಂದಿತ್ತ ಆಗತ್ತೆ.

ಎರಡು ಶುದ್ಧ ಲೋಹ ಗಾಳಿಯೇ ಇಲ್ಲದ ಕಡೆ ಉಜ್ಜಿದ್ರೆ ಏನಾಗತ್ತೆ ಅನ್ನೋದಕ್ಕೆ ಗೆಲಿಲಿಯೋ ನೌಕೆ ನೋಡು. 1989ರಲ್ಲಿ ಗುರುಗ್ರಹಕ್ಕೆ ಹೊರಟಿತ್ತು, 1991ರಲ್ಲಿ ಅದರ ದೊಡ್ಡ ಆಂಟೆನಾ ಕೊಡೆ ಹಾಗೆ ಬಿಚ್ಚಬೇಕಿತ್ತು, ಬಿಚ್ಚಲಿಲ್ಲ. ಕಡ್ಡಿಗಳನ್ನ ಹಿಡಿದ ಪಿನ್ನುಗಳ ಮೇಲಿನ ಒಣ ಲೇಪನ ಸವೆದು ಲೋಹಕ್ಕೆ ಲೋಹ ಕಚ್ಚಿಕೊಂಡಿತ್ತು ಅಂತ ತಜ್ಞರು ತೀರ್ಮಾನಕ್ಕೆ ಬಂದ್ರು. ಆ ಲೇಪನ ಸವೆದಿದ್ದಾದ್ರೂ ಎಲ್ಲಿ, ಆಕಾಶದಲ್ಲಲ್ಲ, ನೌಕೆಯನ್ನ ಅಮೆರಿಕದ ಆ ತುದಿಯಿಂದ ಈ ತುದಿಗೆ ಲಾರಿಯಲ್ಲಿ ಹಲವು ಸಲ ಸಾಗಿಸೋವಾಗ ಆದ ಕುಲುಕಾಟದಲ್ಲಿ ಅಂತ! ನಮ್ಮ ತೋಟದ ರೋಡಲ್ಲಿ ತಂದಿದ್ರೆ ಆಂಟೆನಾ ಅಲ್ಲ ನೌಕೆನೇ ಬಿಚ್ಚಿಕೊಳ್ತಿತ್ತು. ಈ ಇಡೀ ಶಾಸ್ತ್ರಕ್ಕೆ ಟ್ರೈಬಾಲಜಿ ಅಂತ ಹೆಸರು ಬಿದ್ದಿದ್ದು 1966ರಲ್ಲಿ, ಬ್ರಿಟನ್ನಿನ ಪೀಟರ್ ಜೋಸ್ಟ್ ವರದಿಯಲ್ಲಿ, ಗ್ರೀಕಿನಲ್ಲಿ ಉಜ್ಜೋದಕ್ಕೆ ಟ್ರೈಬೋಸ್. ವೈವಾದಲ್ಲಿ ಕೇಳ್ತಾರೆ, ನೆನಪಿಟ್ಕೋ.

ಪ್ರಶ್ನೆ: ಕಾಫಿ ಹೂ ಅರಳಿಸೋ ಹೂಮಳೆ ಬರದಿದ್ರೆ ಫೆಬ್ರವರಿ ಮಾರ್ಚಲ್ಲಿ ಕೆರೆಯಿಂದ ಸ್ಪ್ರಿಂಕ್ಲರ್ ಹಾಕ್ತೀವಿ. ಪಂಪಿನ ಇಂಪೆಲ್ಲರ್ (ಒಳಗೆ ತಿರುಗಿ ನೀರು ತಳ್ಳೋ ಚಕ್ರ) ಎರಡು ವರ್ಷಕ್ಕೆ ತೂತು ತೂತು. ಕೆರೆ ನೀರಲ್ಲಿ ಮರಳಿದೆ ಅಂತ ಮೆಕ್ಯಾನಿಕ್, ನಮ್ಮ ಕೆರೆಯಲ್ಲಿ ಮರಳೇ ಇಲ್ಲ ಅಂತ ನಮ್ಮ ಯಜಮಾನ್ರು. ಇಬ್ಬರಿಗೂ ಮಾತು ಬಿಟ್ಟಿದೆ. (ಸುಂಟಿಕೊಪ್ಪದಿಂದ ಗೃಹಿಣಿಯೊಬ್ಬರು)

ಉತ್ತರ: ಅಕ್ಕಾ, ಇಂಪೆಲ್ಲರ್ ಬಿಚ್ಚಿಸಿ ನೀವೇ ಬೆರಳಾಡಿಸಿ ನೋಡಿ. ಮರಳು ತಿಂದ ಜಾಗ ನಯವಾಗಿರತ್ತೆ, ನೀರು ಹರಿದ ದಿಕ್ಕಿಗೆ ಸಣ್ಣ ಕಾಲುವೆ ಕೊರೆದ ಹಾಗೆ, ಹೊಳೆಯ ಕಲ್ಲು ಇರತ್ತಲ್ಲ ಹಾಗೆ. ಅದು ಬಿಟ್ಟು ಒರಟಾಗಿ, ಗುಳಿ ಗುಳಿಯಾಗಿ, ಬೋರರ್ ಹುಳ ಹಿಡಿದ ಅರೇಬಿಕಾ ಕಾಫಿ ಬುಡ ಸೀಳಿದ ಹಾಗೆ ಕಂಡ್ರೆ ಮರಳಿನ ಕೆಲಸ ಅಲ್ಲ, ನೀರಿನದ್ದೇ. ನಿಮ್ಮ ಪತ್ರದಲ್ಲಿ "ತೂತು ತೂತು" ಅಂತ ಇರೋದ್ರಿಂದ ನನ್ನ ಅನುಮಾನ ಎರಡನೇದರ ಮೇಲೆ, ಯಜಮಾನ್ರು ಗೆದ್ದ ಹಾಗೆ ಕಾಣತ್ತೆ.

ಪಂಪ್ ನೀರನ್ನ ಎಳೆಯೋವಾಗ ಇಂಪೆಲ್ಲರಿನ ಬಾಯಲ್ಲಿ ಒತ್ತಡ ಇಳೀತದೆ, ತುಂಬಾ ಇಳಿದ್ರೆ ತಣ್ಣೀರೇ ಅಲ್ಲಿ ಕುದ್ದು ಗುಳ್ಳೆ ಏಳತ್ತೆ. ಆ ಗುಳ್ಳೆ ಒಂದು ಇಂಚು ಮುಂದೆ ಒತ್ತಡ ಇರೋ ಕಡೆ ಹೋಗಿ ಪಟ್ ಅಂತ ಒಡೆದಾಗ ಸುತ್ತಲಿನ ನೀರು ಸೂಜಿ ಹಾಗೆ ಲೋಹಕ್ಕೆ ಚುಚ್ಚತ್ತೆ. ಒಂದು ಏಟಿಗೆ ಏನಾಗಲ್ಲ, ಕೋಟಿಗಟ್ಟಲೆ ಏಟಿಗೆ ಲೋಹ ಸುಸ್ತಾಗಿ ಉದುರತ್ತೆ. ಪಂಪ್ ಓಡೋವಾಗ ಒಳಗೆ ಜಲ್ಲಿ ಹಾಕಿ ಅಲ್ಲಾಡಿಸಿದ ಸದ್ದು ಬರತ್ತಾ? ಅದೇ ಇದು, ಕ್ಯಾವಿಟೇಶನ್ ಅಂತಾರೆ. ನಾವು ಎತ್ತರದಲ್ಲಿರೋದೂ ಒಂದು ತೊಂದರೆ, ಸಮುದ್ರದ ಹತ್ರ ಗಾಳಿ ಒತ್ತಡ 10.3 ಮೀಟರ್ ನೀರು ಎತ್ತೋಷ್ಟು, ನಮ್ಮ 900 ಮೀಟರಿನಲ್ಲಿ ಅದರಲ್ಲಿ ಒಂದು ಮೀಟರ್ ಆಗಲೇ ಕಟ್. ಮಾರ್ಚಲ್ಲಿ ಕೆರೆ ಕೆಳಗೆ ಇಳಿದ ಹಾಗೆ ಪಂಪ್ ಮಾತ್ರ ದಂಡೆ ಮೇಲೇ ಕೂತಿರತ್ತೆ, ಎಳೆಯೋ ಎತ್ತರ ದಿನಾ ಜಾಸ್ತಿ. ಪಂಪನ್ನ ನೀರಿನ ಹತ್ರ ಇಳಿಸಿ, ನೀರಿನ ಮಟ್ಟದಿಂದ ಐದು ಮೀಟರಿನೊಳಗಿದ್ರೆ ನೆಮ್ಮದಿ. ಎಳೆಯೋ ಪೈಪು ದಪ್ಪದ್ದು, ಗಿಡ್ಡದ್ದು ಇರ್ಲಿ, ನೀರೊಳಗಿನ ತುದಿಯ ಫುಟ್‌ವಾಲ್ವಿಗೆ ಎಲೆ ಕಸ ಕಚ್ಚಿಕೊಂಡಿದ್ರೆ ತೆಗೆಸಿ. ಬರೀ ಗಟ್ಟಿ ಇಂಪೆಲ್ಲರ್ ಹಾಕಿಸಿದ್ರೆ ಎರಡು ವರ್ಷದ ಬದಲು ನಾಲ್ಕು ವರ್ಷಕ್ಕೆ ಇದೇ ಪತ್ರ ಬರೀತೀರಿ.

ಪತ್ರದ ಕೊನೆಯಲ್ಲಿ ಗ್ಲ್ಯಾಂಡಿನಿಂದ (ಶಾಫ್ಟ್ ಪಂಪಿನಿಂದ ಹೊರಗೆ ಬರೋ ಕಡೆ ರೋಪ್ ತುಂಬಿದ ಜಾಗ) ನೀರು ತೊಟ್ಟಿಕ್ಕತ್ತೆ ಅಂತ ಬರೆದಿದ್ರಿ. ತೊಟ್ಟಿಕ್ಕಲಿ, ಸೆಕೆಂಡಿಗೆ ಒಂದು ಹನಿ ಇರಲೇಬೇಕು, ಶಾಫ್ಟಿಗೆ ಅದೇ ಎಣ್ಣೆ ಅದೇ ಕೂಲೆಂಟ್. ಪೂರ್ತಿ ಬಿಗಿದ್ರೆ ಗ್ಲ್ಯಾಂಡ್ ರೋಪ್ ಕರಕಲಾಗಿ ಶಾಫ್ಟ್ ಮೇಲೆ ಬಳೆ ಬಳೆ ಗೆರೆ ಬೀಳತ್ತೆ.

ಪ್ರಶ್ನೆ: ಮರ ಕೊಯ್ಯೋ ಚೈನ್ ಸಾ ಬಾರಿಗೆ (ಚೈನ್ ಓಡೋ ಪಟ್ಟಿ) ಜೀಪಿನ ವೇಸ್ಟ್ ಆಯಿಲ್ ಹಾಕಬಹುದಾ? (ನಾಪೋಕ್ಲು)

ಉತ್ತರ: ಬೇಡ. ಅದರಲ್ಲಿ ಎಂಜಿನ್ನಿನಿಂದ ಉದುರಿದ ಲೋಹದ ಪುಡಿ, ಮಸಿ, ಹುಳಿ ಎಲ್ಲಾ ಇದೆ, ಬಾರಿನ ಸಂದಿಗೆ ಸಾಣೆ ಹಿಡಿದ ಹಾಗೆ. ಬಾರ್ ಆಯಿಲಿನಲ್ಲಿ ಅಂಟು ಬೆರೆಸಿರ್ತಾರೆ, ಚೈನ್ ಓಡೋವಾಗ ಎಗರಿ ಹೋಗದ ಹಾಗೆ, ಇದು ಹಾಕಿದ್ರೆ ನಿಮ್ಮ ಪ್ಯಾಂಟಿಗೇ ಬರೋದು. ವೇಸ್ಟ್ ಆಯಿಲ್ ಚರ್ಮಕ್ಕೂ ಒಳ್ಳೇದಲ್ಲ.

ಪ್ರಶ್ನೆ: ಗೇಟ್ ತೆಗೆದ್ರೆ ಊರಿಗೆಲ್ಲ ಕೇಳೋ ಹಾಗೆ ಕಿರುಗುಟ್ಟತ್ತೆ. ಕೊಬ್ಬರಿ ಎಣ್ಣೆ ಬಿಟ್ರೆ ವಾರಕ್ಕೆ ಮತ್ತೆ ಅದೇ. (ಭಾಗಮಂಡಲ)

ಉತ್ತರ: ಕಿರುಗುಟ್ಟೋದು ಅಂದ್ರೆ ಅಂಟೋದು, ಜಾರೋದು, ಮತ್ತೆ ಅಂಟೋದು, ಒಂದು ಸೆಕೆಂಡಿಗೆ ನೂರಾರು ಸಲ. ಪಿಟೀಲಿನ ಕಮಾನು ತಂತಿ ಮೇಲೆ ಮಾಡೋದೂ ಇದನ್ನೇ, ಅಲ್ಲಿ ಟಿಕೆಟ್ ಕೊಟ್ಟು ಕೇಳ್ತೀವಿ. ಕೊಬ್ಬರಿ ಎಣ್ಣೆ ನಿಮ್ಮ ಚಳಿಗೆ ಗಟ್ಟಿಯಾಗತ್ತೆ, ಉಳಿದದ್ದನ್ನ ಭಾಗಮಂಡಲದ ಮಳೆ ತೊಳ್ಕೊಂಡು ಹೋಗತ್ತೆ. ಗೇಟನ್ನ ಎತ್ತಿ ಕೀಲಿನಿಂದ ತೆಗೆದು, ತುಕ್ಕು ಉಜ್ಜಿ, ಗಟ್ಟಿ ಗ್ರೀಸ್ ತುಂಬಿ ಕೂರಿಸಿ, ಎರಡು ಮಳೆಗಾಲ ತಡಿಯತ್ತೆ. ನಮ್ಮ ಮನೆ ಗೇಟ್ ಈಗಲೂ ಕಿರುಗುಟ್ಟತ್ತೆ, ಮೂರು ಸಲ ಗ್ರೀಸ್ ಡಬ್ಬ ಹಿಡ್ಕೊಂಡು ಹೋದೆ, ರಾತ್ರಿ ಯಾರು ಬಂದ್ರು ಅಂತ ಗೊತ್ತಾಗ್ಲಿ ಬಿಡು ಅಂತ ಅಮ್ಮ ಮುಟ್ಟೋಕೆ ಬಿಟ್ಟಿಲ್ಲ. ಹೋದ ತಿಂಗಳು ಬಂದಿದ್ದು ಆನೆ, ಅದು ಗೇಟ್ ತೆಗೆಯೋ ಗೋಜಿಗೇ ಹೋಗದೆ ಪಕ್ಕದ ಬೇಲಿ ಮುರ್ಕೊಂಡು ಬಂತು.